ಹಿಂದಿನ ಸೀಟಿನ ಎಡಗಡೆ

ಮನುಷ್ಯರ ಬಾಳಿನಲ್ಲಿ ಮುಂದಕ್ಕೆ ಹಾಕಲಾಗದ ಪ್ರಶ್ನೆಗಳು ಕೆಲವಿರುತ್ತವೆ. ಅಂಥದೊಂದು ಕಳೆದ ಚಳಿಗಾಲದಲ್ಲಿ ನಮ್ಮೂರಿನ ಎದುರು ಬಂದು ನಿಂತಿತು. ರುದ್ರಮುನಿಯ ಲ್ಯಾಂಡ್‌ಮಾಸ್ಟರ್ ಕಾರಿನ ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಬೇಕೇ ಬೇಡವೇ, ಹಾಕಿಸುವುದಾದರೆ ಕಂದು ಬಣ್ಣದ್ದೋ ಕೆನೆ ಬಣ್ಣದ್ದೋ ಎಂಬುದೇ ಆ ಪ್ರಶ್ನೆ. ಇದಕ್ಕಾಗಿ ಹಳೇ ಕಾರುಗಳ ಸಂಘ ಸಭೆಯ ಮೇಲೆ ಸಭೆ ಸೇರಿತು. ಪುರಸಭೆಯ ಸದಸ್ಯರು ಕುಡಿಯುವ ನೀರಿನ ಚರ್ಚೆಯನ್ನು ಅರ್ಧಕ್ಕೆ ಬಿಟ್ಟು ನಮ್ಮ ಸಭೆಗೆ ಬಂದು ಕೂತರು. ನಾನು ಆ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಯಾದವನು ಸ್ವಂತ ಕಾರು ಇಟ್ಟುಕೊಂಡಿರಬಾರದು ಎಂಬ ನಿಯಮವಿದೆ, ಪಕ್ಷಪಾತ ಬರಬಾರದಲ್ಲ. ಆ ಅರ್ಹತೆಯೊಂದನ್ನು ನಾನು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದೇನೆ.

ಹೊರಗಿನವರಿಗೆ ಇದು ರೆಕ್ಸಿನ್ನಿನ ವಿಷಯವಾಗಿ ಕಾಣಬಹುದು. ನಮ್ಮೂರಿನವರಿಗೆ ಗೊತ್ತು, ಹಳೇ ಕಾರಿನ ಸೀಟು ಬಿಚ್ಚುವುದೆಂದರೆ ಒಳಗಿನ ತೆಂಗಿನ ನಾರನ್ನು ತೆಗೆದು ಬಿಸಾಡುವುದು. ನಾರು ಹೋದರೆ ನೆನಪು ಹೋಯಿತು. ಹಿಂದೊಮ್ಮೆ ಯಾರೋ ಕೂತು ಹೋದ ಜಾಗದಲ್ಲಿ ಕೂತು ಅದೇ ದಾರಿಯಲ್ಲಿ ಹೊರಟರೆ, ಅವರಿಗೆ ಅಂದು ಆದದ್ದೆಲ್ಲ ನಮಗೆ ಆಗುತ್ತದೆ. ಸೀಟಿನ ಒಂದೊಂದು ಬದಿಯೂ ಒಂದು ದಾರಿಗೆ ಒಂದೇ ನೆನಪನ್ನು ಇಟ್ಟುಕೊಳ್ಳುತ್ತದೆ, ಅದೂ ಎಲ್ಲಕ್ಕಿಂತ ದೊಡ್ಡದನ್ನು. ಸಂತೆಗೆ ಹೋಗಿ ಬಂದದ್ದನ್ನೆಲ್ಲ ಅದು ಲೆಕ್ಕಕ್ಕೆ ಇಡುವುದಿಲ್ಲ. ಮತ್ತು ಒಬ್ಬರಿಗೆ ಒಮ್ಮೆ ಕೊಟ್ಟ ಮೇಲೆ ಮುಗಿಯಿತು, ಆ ದಾರಿಗೆ ಸೀಟು ಖಾಲಿ.

ಹೀಗಾಗಿ ನಮ್ಮಲ್ಲಿ ಹಳೇ ಕಾರು ಹತ್ತುವವರು ಕಂಕುಳಲ್ಲಿ ಮಣೆ ಇಟ್ಟುಕೊಂಡಿರುತ್ತಾರೆ. ಮರದ ಮಣೆಯ ಮೇಲೆ ಕೂತರೆ ನೆನಪು ಹತ್ತುವುದಿಲ್ಲ. ಬಡಗಿಗಳು ಊಟದ ಮಣೆಯನ್ನು ಮರೆತೇ ಎಷ್ಟೋ ಕಾಲವಾಯಿತು, ಈಗ ಮಾಡುವುದೆಲ್ಲ ಕಾರಿನ ಮಣೆಯೇ. ಮನೆಯ ಹಿರಿಯರು ಕೂತ ಸೀಟಿನ ಮೇಲೆ ಬೇರೆಯವರು ಕೂತುಬಿಟ್ಟಾರೆಂದು ಟ್ರಂಕು, ಅಕ್ಕಿಮೂಟೆ, ಕೊನೆಗೆ ಕುಂಬಳಕಾಯಿಯನ್ನಾದರೂ ಇಟ್ಟಿರುತ್ತಾರೆ. ಇಷ್ಟು ಜಾಗ್ರತೆ ಮಾಡಿದರೂ ತಪ್ಪಾಗುವುದು ತಪ್ಪುವುದಿಲ್ಲ. ಜನಗಣತಿಗೆ ಬಂದಿದ್ದ ಅಧಿಕಾರಿಯೊಬ್ಬರು ಔಷಧಿ ಅಂಗಡಿಯವರ ಫಿಯೆಟ್ಟಿನಲ್ಲಿ ಮಣೆಯಿಲ್ಲದೆ ಕೂತು, ಆ ಮನೆಯ ಅಜ್ಜಿ ಮದುಮಗಳಾಗಿ ಊರಿಗೆ ಬಂದ ದಿನವನ್ನು ಹೊತ್ತುಕೊಂಡು ಹೋದರು. ಈಗಲೂ ದಸರಾ ರಜೆಗೆ ಆ ಮನೆಗೆ ಬರುತ್ತಾರೆ. ತವರು ಬಿಟ್ಟು ಬಂದ ಸಂಕಟವನ್ನು ತೋಡಿಕೊಂಡು, ಕಾಫಿ ಕುಡಿದು ಹೊರಡುತ್ತಾರೆ. ಮನೆಯವರು ಅವರ ಮೀಸೆಯ ಕಡೆ ನೋಡದೆ ಎಲೆ ಅಡಿಕೆ ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತಾರೆ.

ಇನ್ನು ಆ ಲ್ಯಾಂಡ್‌ಮಾಸ್ಟರ್. ಒಂದು ಕಾಲಕ್ಕೆ ಊರಿಗೆಲ್ಲ ಇದ್ದದ್ದು ಅದೊಂದೇ ಟ್ಯಾಕ್ಸಿ. ಓಡಿಸುತ್ತಿದ್ದ ಬಾಬಣ್ಣ ತೀರಿಹೋಗಿ ಬಹಳ ವರ್ಷವಾಯಿತು. ಅವನ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಸಂಸಾರ ಹೂಡಿದ್ದಾಗ, ಬಣ್ಣದ ಅಂಗಡಿಯ ರುದ್ರಮುನಿ ನೋಡಿ, ತಂದು, ರಿಪೇರಿ ಮಾಡಿಸಿ, ತಿಳಿಹಸಿರು ಬಳಿದು ನಿಲ್ಲಿಸಿದ. ನಾನು ಹಲವು ಕಾರು ನೋಡಿದ್ದೇನೆ. ಆದರೆ ಆ ಬಾನೆಟ್ಟಿನ ಉಬ್ಬು, ಕೆನ್ನೆ ಊದಿಸಿಕೊಂಡ ಮಗುವಿನಂಥ ಮಡ್‌ಗಾರ್ಡು, ಬಿಸಿಲಿಗೆ ಒಂದೇ ಸಲ ಹೊಳೆದು ಸುಮ್ಮನಾಗುವ ಆ ಬಂಪರು, ಇವನ್ನು ನೋಡುತ್ತ ನಿಂತರೆ ಮಾತು ತಾನಾಗಿ ಸಣ್ಣದಾಗುತ್ತದೆ. ರುದ್ರಮುನಿ ಅದನ್ನು ತನ್ನ ಪಂಚೆಯ ತುದಿಯಿಂದಲೇ ಒರೆಸುತ್ತಾನೆ. ನನ್ನ ಕನ್ನಡಿಯನ್ನಾದರೂ ಒಂದು ದಿನ ಹಾಗೆ ಒರೆಸಿದ್ದುಂಟೇ ಎಂದು ಅವನ ಹೆಂಡತಿ ಬೀದಿಗೆ ಕೇಳುವಂತೆ ಅನ್ನುತ್ತಾಳೆ.

ಜಿಲ್ಲೆಯ ಪ್ರದರ್ಶನಕ್ಕೆ ಕಾರು ಕಳಿಸಬೇಕಾಗಿತ್ತು, ಹಿಂದಿನ ಸೀಟು ಹರಿದು ನಾರು ಹೊರಗೆ ಇಣುಕುತ್ತಿತ್ತು. ಸೀಟು ಬಿಚ್ಚುವ ಮೊದಲು, ಅದರ ಮೇಲೆ ಯಾರಿಗಾದರೂ ಹಕ್ಕಿದೆಯೇ ಎಂದು ಊರಿಗೆ ಸಾರುವುದು ಪದ್ಧತಿ. ಸ್ಟೇಷನ್ ರಸ್ತೆಯದು, ಕೋರ್ಟು ರಸ್ತೆಯದು ಎಲ್ಲ ಹಿಂದೆಯೇ ತೀರಿಹೋಗಿದ್ದವು. ಉಳಿದಿದ್ದುದು ಆಸ್ಪತ್ರೆ ರಸ್ತೆ ಮಾತ್ರ. ಟ್ಯಾಕ್ಸಿಯಲ್ಲಿ ಆ ದಾರಿ ಹಿಡಿದು ಹೋದವರ ನೆನಪು ಯಾವ ಬಗೆಯದಿರಬಹುದೆಂದು ಊಹಿಸಲು ಬುದ್ಧಿ ಬೇಕಿಲ್ಲ. ಹಾಗಾಗಿ ಅಲ್ಲಿ ಮಣೆಯಿಲ್ಲದೆ ಕೂರುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ಈಗ ಇದೇ ಕೊನೆಯ ಅವಕಾಶ ಎಂದಾಗ ಇಬ್ಬರು ಮುಂದೆ ಬಂದರು.

ಒಬ್ಬರು ಹಲ್ಲಿನ ಡಾಕ್ಟರು ಭಾಮಿನಿ, ಇನ್ನೊಬ್ಬರು ಕನ್ನಡಕದ ಅಂಗಡಿಯ ಖಲಂದರ್ ಸಾಹೇಬರು. ಅವರ ಅಂಗಡಿಯೂ ಇವಳ ಕ್ಲಿನಿಕ್ಕೂ ಎದುರುಬದುರು. ಊರಿನ ಕಣ್ಣೂ ಹಲ್ಲೂ ಆ ಒಂದು ಬೀದಿಯ ಕೈಯಲ್ಲಿವೆ. ಜಗಳವಾಡಿ ಗೊತ್ತಿಲ್ಲದ ಇಬ್ಬರ ನಡುವೆ ನ್ಯಾಯ ಹೇಳುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಆಗಲೇ. ಅವರು ಮೊದಲು ಕೂರಲಿ ಎಂದು ಇವಳು, ಇಲ್ಲ ಡಾಕ್ಟರಮ್ಮ ಕೂರಲಿ ಎಂದು ಅವರು. ಆದರೆ ಇಬ್ಬರೂ ಹಾಗನ್ನುವಾಗ ಕಾರಿನ ಕಡೆ ನೋಡುತ್ತಿದ್ದ ರೀತಿ ಬೇರೆ ಏನನ್ನೋ ಹೇಳುತ್ತಿತ್ತು.

ಸಾಹೇಬರ ತಂದೆಗೆ ಎದೆನೋವು ಬಂದಾಗ ಕರೆದೊಯ್ದದ್ದು ಅದೇ ಟ್ಯಾಕ್ಸಿಯಲ್ಲಿ. ಸಾಹೇಬರು ಮುಂದೆ ಬಾಬಣ್ಣನ ಪಕ್ಕ ಕೂತಿದ್ದರು. ತಂದೆ ಹಿಂದೆ ಎಡಗಡೆ. ದಾರಿಯುದ್ದಕ್ಕೂ ತಂದೆ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎಂದು ಇವರಿಗೆ ಅನ್ನಿಸುತ್ತಿತ್ತಂತೆ. ಹೆದರಿಕೆಯಿಂದ ತಿರುಗಿ ನೋಡಲಿಲ್ಲ. ನೋಡುವ ಹೊತ್ತಿಗೆ ಆಸ್ಪತ್ರೆ ಬಂತು, ಆಮೇಲೆ ನೋಡಲು ಅವರಿರಲಿಲ್ಲ. ತನ್ನ ಬೆನ್ನು ನೋಡುತ್ತ ಅಬ್ಬಾ ಏನೆಂದುಕೊಂಡರು, ಅದಷ್ಟೇ ಬೇಕು ಅಂದರು ಸಾಹೇಬರು.

ಭಾಮಿನಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಅವಳು ಹುಟ್ಟಿದ ದಿನವೇ ತಾಯಿ ಚಂಪಾವತಿ ಹೋದದ್ದು. ಹೆರಿಗೆಗೆ ಹೋದದ್ದು ಬಾಬಣ್ಣನ ಟ್ಯಾಕ್ಸಿಯಲ್ಲಿ, ಜೊತೆಗಿದ್ದವಳು ತಾಯಿಯ ತಂಗಿ ಗೋದಾವರಿ. ಆ ಗೋದಾವರಮ್ಮನೇ ಮದುವೆಯಾಗದೆ ಉಳಿದು ಭಾಮಿನಿಯನ್ನು ಸಾಕಿದವರು. ತಾಯಿಯದೆಂದು ಇರುವುದು ಒಂದೇ ಫೋಟೋ, ಅದರಲ್ಲೂ ಪಕ್ಕದವಳ ಭುಜ ಅಡ್ಡ ಬಂದು ಅರ್ಧ ಮುಖ ಕಾಣಿಸುವುದಿಲ್ಲ. ಭಾಮಿನಿ ನನ್ನ ಹತ್ತಿರ ಈ ಮಾತು ಎತ್ತಿದ್ದು ನಾನು ಅವಳ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ. ಊರಿನಲ್ಲಿ ಅವಳು ಮನಸ್ಸು ಬಿಚ್ಚುವುದು ಉತ್ತರ ಕೊಡಲಾಗದವರ ಎದುರಿಗೆ ಮಾತ್ರ.

“ಅವಳಿಗೆ ನಾನು ಬೇಕಾಗಿದ್ದೆನೋ ಬೇಡವಾಗಿದ್ದೆನೋ, ಅಷ್ಟು ತಿಳಿದರೆ ಸಾಕು ನನಗೆ,” ಅಂದಳು. “ಬೇಡವಾಗಿದ್ದೆ ಅಂತಾದರೂ ಪರವಾಗಿಲ್ಲ. ಉಗುಳಿ.”

ಉಗುಳಿದೆ. ಆಮೇಲೆ ಹೇಳಬೇಕೆಂದಿದ್ದ ಮಾತು ಆ ನೀರಿನ ಜೊತೆಯೇ ಹೋಯಿತು.

ಒಂದೇ ಸೀಟು, ಒಂದೇ ದಾರಿ, ಇಬ್ಬರು. ಚಂಪಾವತಿ ಯಾವ ಬದಿಗೆ ಕೂತಿದ್ದಳು ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಬದುಕಿರುವ ಸಾಕ್ಷಿಯೆಂದರೆ ಗೋದಾವರಮ್ಮ ಒಬ್ಬರೇ. ನಾನೂ ರುದ್ರಮುನಿಯೂ ಹೋಗಿ ಕೇಳಿದೆವು. ಅವರು ಯೋಚನೆಯನ್ನೂ ಮಾಡದೆ ಹೇಳಿದರು: ಅಕ್ಕನನ್ನು ಸೀಟಿನ ಉದ್ದಕ್ಕೂ ಮಲಗಿಸಿದ್ದೆವು, ನಾನು ಬಲಗಡೆಯ ಬಾಗಿಲಿಗೆ ಒರಗಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಅವಳ ಕಾಲು ಎಡಗಡೆಗಿತ್ತು. ಈ ಮಾತಿನ ಮೇಲೆ ಸಂಘದಲ್ಲಿ ದೊಡ್ಡ ಜಿಜ್ಞಾಸೆ ನಡೆಯಿತು. ನೆನಪು ಇರುವುದು ತಲೆಯಲ್ಲೋ ಇಡೀ ಮೈಯಲ್ಲೋ ಎಂದು ಒಬ್ಬರು ಕೇಳಿದರು. ಕಾಲಿಗೇನು ನೆನಪು, ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದೇ ಅದಕ್ಕೆ ನೆನಪಿರುವುದಿಲ್ಲ ಎಂದು ಇನ್ನೊಬ್ಬರು ಅಂದರು. ಕೊನೆಗೆ ತಲೆಯೇ ಗೆದ್ದಿತು. ಬಲಗಡೆ ಭಾಮಿನಿ, ಎಡಗಡೆ ಸಾಹೇಬರು, ಒಂದೇ ಸಲ ಇಬ್ಬರೂ ಕೂತು ಹೋಗುವುದು. ಯಾರಿಗೂ ಅನ್ಯಾಯವಿಲ್ಲ. ಸಂಘದಲ್ಲಿ ಒಮ್ಮತದಿಂದ ಆದ ತೀರ್ಮಾನ ಅದೊಂದೇ, ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಬೆಳಗಿನ ತಿಂಡಿ ಮುಗಿದ ಹೊತ್ತಿಗೆ ಚಂಪಾವತಿಯ ತವರಿದ್ದ ಬೀದಿಯ ತುದಿಯಿಂದ ಕಾರು ಹೊರಟಿತು. ಸಾಹೇಬರ ಹಳೇ ಮನೆಯೂ ಅದೇ ಬೀದಿಯಲ್ಲಿ ಇದ್ದದ್ದರಿಂದ ಹೊರಡುವ ಜಾಗದ ಬಗ್ಗೆ ತಕರಾರು ಬರಲಿಲ್ಲ. ರುದ್ರಮುನಿ ಸ್ಟೇರಿಂಗಿನ ಹಿಂದೆ ಮಣೆಯ ಮೇಲೆ, ನಾನು ಅವನ ಪಕ್ಕ ಮಣೆಯ ಮೇಲೆ. ಹಿಂದೆ ಇಬ್ಬರೂ ಬರಿಯ ಸೀಟಿನ ಮೇಲೆ. ಸಾಹೇಬರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ಅತ್ತರು ಹಚ್ಚಿಕೊಂಡು ಬಂದಿದ್ದರು, ತಂದೆಯನ್ನು ಕಾಣಲು ಹೋಗುವುದಲ್ಲವೇ. ಗೋದಾವರಮ್ಮ ಈಗಲೂ ಆ ತವರುಮನೆಯಲ್ಲೇ ಇದ್ದಾರೆ, ಆದರೆ ಹೊರಗೆ ಬರಲಿಲ್ಲ.

ಬೀದಿ ದಾಟುವವರೆಗೆ ಏನೂ ಇಲ್ಲ. ತಿರುವಿನಲ್ಲಿ ಗೇರು ಬದಲಾಯಿತು, ಕಾರು ಒಮ್ಮೆ ಮೈ ಕೊಡವಿತು. ಹಿಂದಿನಿಂದ ಒಂದು ಸಣ್ಣ ನಗು ಕೇಳಿಸಿತು. ಹುಡುಗಿಯರು ಉಯ್ಯಾಲೆ ಮೇಲಕ್ಕೆ ಹೋದಾಗ ನಗುತ್ತಾರಲ್ಲ, ಹಾಗೆ. ನಾನು ಭಾಮಿನಿ ಎಂದುಕೊಂಡು ಕನ್ನಡಿಯಲ್ಲಿ ನೋಡಿದೆ. ನಕ್ಕದ್ದು ಖಲಂದರ್ ಸಾಹೇಬರು.

ಅವರು ಕಿಟಕಿಯ ಹಿಡಿಯನ್ನು ತಿರುಗಿಸುತ್ತಿದ್ದರು. ಗಾಜು ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಮತ್ತೆ ಕೆಳಗೆ. ಆಮೇಲೆ ಮುಖವನ್ನು ಪೂರಾ ಗಾಳಿಗೆ ಒಡ್ಡಿ ಕೂತರು. ಬಿಳಿ ಗಡ್ಡ ಹಾರುತ್ತಿತ್ತು. ಒಂದು ಕೈ ಹೊಟ್ಟೆಯ ಕೆಳಗೆ ಆತುಕೊಂಡಿತ್ತು, ಭಾರವಾದದ್ದನ್ನು ಹಿಡಿದವರ ಹಾಗೆ. ನಡುನಡುವೆ ಹಲ್ಲು ಕಚ್ಚುತ್ತಿದ್ದರು, ಹಣೆಯಲ್ಲಿ ಬೆವರು ಒಡೆಯುತ್ತಿತ್ತು, ಅದು ಕಳೆದ ಕೂಡಲೇ ಕಣ್ಣು ಮತ್ತೆ ಅಂಗಡಿಗಳ ಮೇಲೆ ಓಡುತ್ತಿತ್ತು.

ಆಗ ಭಾಮಿನಿ ಅವರ ಕಡೆ ತಿರುಗಿದಳು. ಅವಳ ಮುಖದಲ್ಲಿ ಹದಿನಾರರ ಹುಡುಗಿಯ ಗಾಬರಿ ಇತ್ತು.

“ಅಕ್ಕಾ, ಮಲಕ್ಕೊಳ್ಳೇ. ಅಮ್ಮ ಮಲಗಿಸಿಕೊಂಡು ಹೋಗು ಅಂದಿದ್ದಾಳೆ.”

“ಮಲಗಿದರೆ ಏನು ಕಾಣುತ್ತೇ ಗೋದೂ?” ಅಂದರು ಸಾಹೇಬರು. ಅವರದೇ ದಪ್ಪ ದನಿ. ಆದರೆ ಮಾತಿನ ಇಳಿಜಾರು ಬೇರೆ. “ಕಾರಿನ ತಾರಸಿ ಕಾಣುತ್ತೆ, ಅಷ್ಟೆ.”

“ಗಾಳಿ ಹೊಡೆಯುತ್ತೆ. ಕಿಟಕಿಯಾದರೂ ಹಾಕೇ.”

“ಇರಲಿ ಬಿಡೇ. ಮತ್ಯಾವಾಗ ಹತ್ತುತ್ತೀನೋ.”

ನಾನು ಓದಿಕೊಂಡವನು, ಯಾವ ಪ್ರಸಂಗಕ್ಕೂ ಒಂದು ಮಾತು ಸಿದ್ಧವಾಗಿಟ್ಟುಕೊಂಡಿರುವವನು. ಆಗ ನನಗೆ ನನ್ನ ಹೆಸರೂ ನೆನಪಾಗಲಿಲ್ಲ. ನಮಗೆ ಹುಟ್ಟಿದಾರಭ್ಯ ಈ ಸೀಟುಗಳ ಸಹವಾಸವಿದೆ, ಒಬ್ಬೊಬ್ಬರೇ ಕೂತು ಅಳುವುದನ್ನೂ ನಗುವುದನ್ನೂ ಕಂಡಿದ್ದೇವೆ. ಒಂದೇ ದಾರಿಯ ಎರಡು ನೆನಪುಗಳು ಅಕ್ಕಪಕ್ಕ ಕೂತು ಒಂದಕ್ಕೊಂದು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಗೋದಾವರಮ್ಮ ಹೇಳಿದ್ದು ನಿಜವಾಗಿರಲಿಲ್ಲ ಎಂಬುದೂ ಹೊಳೆಯಿತು. ಚಂಪಾವತಿ ಮಲಗಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಕಾರು ಹತ್ತಿದ್ದಳು, ಎಡಗಡೆಯ ಕಿಟಕಿ ಹಿಡಿದು ಕೂತಿದ್ದಳು. ಬಲಗಡೆ ಇದ್ದದ್ದು ತಂಗಿ ಮಾತ್ರ. ಸಂಘ ಒಮ್ಮತದಿಂದ, ತಲೆಯನ್ನೇ ಮುಖ್ಯವಾಗಿಟ್ಟುಕೊಂಡು, ತಾಯಿಯನ್ನು ಸಾಹೇಬರಿಗೆ ಕೊಟ್ಟುಬಿಟ್ಟಿತ್ತು.

ಕಾರು ನಿಲ್ಲಿಸಿ ಇಬ್ಬರನ್ನೂ ಅದಲುಬದಲು ಮಾಡಬಹುದಿತ್ತೇ ಎಂದು ಆಮೇಲೆ ಬಹಳ ಜನ ಕೇಳಿದರು. ಮಾಡಬಹುದಿತ್ತೇನೋ. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸನ್ನು ಜಾಗ ಬಿಟ್ಟು ಏಳು ಎಂದು ಹೇಳುವ ಬಾಯಿ ನನಗಿರಲಿಲ್ಲ.

ಹತ್ತಿ ಗಿರಣಿ ದಾಟಿ ರಸ್ತೆ ಅಗಲವಾಗುವಲ್ಲಿ ಸಾಹೇಬರು ಮುಂದಕ್ಕೆ ಬಾಗಿ ರುದ್ರಮುನಿಯ ಹೆಗಲು ಮುಟ್ಟಿದರು. “ಬಾಬಣ್ಣ, ನಿಲ್ಲಿಸು. ಗೇಟು ಹಾಕಿದಾರೆ.”

ಅಲ್ಲಿ ಗೇಟಿಲ್ಲ. ಹಿಂದೆ ಇತ್ತು, ರೈಲು ಹಳಿಯೂ ಇತ್ತು. ಹಳಿ ಕಿತ್ತು ಊರ ಹೊರಗೆ ಒಯ್ದ ಮೇಲೆ ಆ ಜಾಗದಲ್ಲಿ ಒಂದು ಕಡೆ ಕಬ್ಬಿನ ಹಾಲಿನ ಗಾಡಿ, ಇನ್ನೊಂದು ಕಡೆ ಮೊಬೈಲು ಅಂಗಡಿ. ರುದ್ರಮುನಿ ಬ್ರೇಕು ಹಾಕಿದ. ಎಂಜಿನ್ನು ಮಾತ್ರ ನಿಲ್ಲಿಸಲಿಲ್ಲ. ಹಳೇ ಕಾರು ನಡುರಸ್ತೆಯಲ್ಲಿ ಕಾರಣವಿಲ್ಲದೆ ನಿಂತರೆ ನಮ್ಮಲ್ಲಿ ಹಾರನ್ನು ಹೊಡೆಯುವುದಿಲ್ಲ. ಹಿಂದೆ ಬಸ್ಸು ನಿಂತಿತು, ಲಾರಿ ನಿಂತಿತು, ಸ್ಕೂಟರುಗಳು ನಿಂತವು. ಎದುರಿನಿಂದ ಬರುತ್ತಿದ್ದವರೂ, ಗೇಟು ಇದ್ದಿರಬಹುದಾದ ಅಳತೆಗೆ ಸರಿಯಾಗಿ, ಆಚೆಗೇ ನಿಂತರು. ಕಬ್ಬಿನ ಗಾಡಿಯವನು ಚಕ್ರ ತಿರುಗಿಸುವುದನ್ನು ಬಿಟ್ಟು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗೆ ಹಾಕಿಕೊಂಡ.

ನಮ್ಮ ಹಿಂದೆ ಸಾಹೇಬರ ಉಸಿರು ದೊಡ್ಡದಾಯಿತು. ನೋವು ಬಂದಿತ್ತು. ಭಾಮಿನಿ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಬೆರಳುಗಳನ್ನು ಅವರು ಹಿಂಡುತ್ತಿದ್ದ ರಭಸಕ್ಕೆ ಅವು ಬೆಳ್ಳಗಾಗಿದ್ದವು. ಅವರ ತುಟಿ ಅಲುಗಿತು, ಸದ್ದು ಬರಲಿಲ್ಲ. ಆಮೇಲೆ ಅವರು ತಲೆ ಎತ್ತಿ ಎಡಕ್ಕೆ ನೋಡಿದರು. ಕಣ್ಣು ಅರಳಿತು. ತಲೆ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ ಬಂತು, ಮತ್ತೆ ಬಲಕ್ಕೆ, ಒಂದೊಂದು ಡಬ್ಬಿಯನ್ನೂ ಕಣ್ಣಲ್ಲಿ ಹಿಡಿದು ದಾಟಿಸುವವರ ಹಾಗೆ. ಉದ್ದನೆಯ ರೈಲಿರಬೇಕು. ಇಡೀ ರಸ್ತೆ, ಬಸ್ಸಿನವರು, ಲಾರಿಯವರು, ಕೈಯಲ್ಲಿ ಲೋಟ ಹಿಡಿದವರು, ಕಾಣದ ಆ ರೈಲು ಹೋಗಿ ಮುಗಿಯಲಿ ಎಂದು ಕಾದುಕೊಂಡು ನಿಂತಿದ್ದರು. ನನಗೆ ಏನೂ ಕಾಣಿಸಲಿಲ್ಲ. ಆದರೆ ಮಣೆಯ ಮೇಲೆ ಕೂತಿದ್ದವನಿಗೂ ಕಾಲ ಕೆಳಗೆ ನೆಲ ಸಣ್ಣಗೆ ಅದುರಿದಂತಾಯಿತು. ಹಳೇ ಎಂಜಿನ್ನಿನ ಅದುರಾಟ ಇದ್ದೀತು ಎಂದು ರುದ್ರಮುನಿ ಅನ್ನುತ್ತಾನೆ. ಇದ್ದೀತು.

“ಹೋಯ್ತು,” ಅಂದರು ಸಾಹೇಬರು. ಕಾರು ಹೊರಟಿತು. ಹಿಂದೆ ಎಲ್ಲವೂ ಹೊರಟವು.

ಆಸ್ಪತ್ರೆಯ ಬಾಗಿಲಲ್ಲಿ ಎಂಜಿನ್ನು ನಿಂತ ಮೇಲೆ ಇಬ್ಬರೂ ಬಹಳ ಹೊತ್ತು ಇಳಿಯಲಿಲ್ಲ. ಭಾಮಿನಿ ಹಿಡಿದಿದ್ದ ಕೈಯನ್ನು ನೋಡಿದಳು, ಅದು ಕನ್ನಡಕದ ಅಂಗಡಿಯವರ ಕೈ ಎಂದು ಗುರುತಿಸಿದಳು, ಆದರೂ ಬಿಡಲಿಲ್ಲ. ಸಾಹೇಬರು ಗಡ್ಡ ಮುಟ್ಟಿ ನೋಡಿಕೊಂಡರು. ಆಮೇಲೆ ಹೊಟ್ಟೆ ಮುಟ್ಟಿ ನೋಡಿಕೊಂಡರು. ತಂದೆ ಅಲ್ಲಿ ಇರಲಿಲ್ಲ ಎಂಬುದು ಅವರಿಗೆ ತಿಳಿದದ್ದು ಆಗ. ಒಂದು ಬದಿಗೆ ಒಂದು ದಾರಿಗೆ ಒಂದೇ ನೆನಪು. ಸೀಟು ಅಬ್ಬಾ ಅವರನ್ನು ಇಟ್ಟುಕೊಂಡಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಅಷ್ಟೆ.

“ನಿಮ್ಮದನ್ನು ನಾನು ತಗೊಂಡುಬಿಟ್ಟೆ, ಡಾಕ್ಟರಮ್ಮ,” ಅಂದರು.

ಭಾಮಿನಿ ತಲೆಯಾಡಿಸಿದಳು. “ನಾನು ಬೇಕಾಗಿದ್ದೆನಾ ಸಾಹೇಬರೇ, ಅವಳಿಗೆ?”

ಸಾಹೇಬರು ಒಳಗೆ ಹುಡುಕಿದರು. ಸುಳ್ಳು ಹೇಳುವವರಲ್ಲ, ಕಣ್ಣಿನ ಪವರ್ರನ್ನು ಕಾಲು ಪಾಯಿಂಟೂ ಹೆಚ್ಚು ಹೇಳಿದವರಲ್ಲ.

“ಬೇಕು ಬೇಡ ಅನ್ನೋ ಮಾತೇ ಅಲ್ಲಿ ಇಲ್ಲಮ್ಮ. ನೀವು ಆಗಲೇ ಇದ್ರಿ. ಜೊತೆಗೆ ಸವಾರಿ ಬಂದವರ ಹಾಗೆ ಇದ್ರಿ. ಅವರು ನೋಡಿದ್ದನ್ನೆಲ್ಲ ನಿಮಗೆ ತೋರಿಸ್ತಾ ಇದ್ರು. ನೋಡು ಬಳೆ ಅಂಗಡಿ, ನೋಡು ಗಿರಣಿ ಚಿಮಣಿ, ಹಾಗೆ. ಗೇಟಿನ ಹತ್ತಿರ ನೋವು ಜೋರಾಯ್ತು. ಆಗ ನಿಮಗೆ ಹೇಳಿದ್ರು, ಮನಸ್ಸಲ್ಲೇ.” ಆ ಮಾತನ್ನು ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯದವರಂತೆ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದರು. “‘ಇರು ಪುಟ್ಟಾ, ಅವಸರ ಮಾಡಬೇಡ. ರೈಲು ನೋಡ್ಕೊಂಡು ಹೋಗೋಣ.’”

ಭಾಮಿನಿ ಅಳುತ್ತಾಳೆ ಎಂದುಕೊಂಡು ರುದ್ರಮುನಿ ಪಂಚೆಯ ತುದಿ ಹಿಡಿದು ಸಿದ್ಧನಾಗಿದ್ದ. ಅವಳು ಅಳಲಿಲ್ಲ. ಇನ್ನೊಂದು ಸಲ ಹೇಳಿ ಅಂದಳು. ಸಾಹೇಬರು ಹೇಳಿದರು.

ಅಲ್ಲಿಂದ ನೇರ ಗೋದಾವರಮ್ಮನ ಬಳಿಗೆ ಹೋದೆವು. ಸಂಘದ ಪರವಾಗಿ ನಾನೂ ಹೋದೆ, ತಪ್ಪು ಸಾಕ್ಷಿ ಹೇಳಿದ್ದಕ್ಕೆ ಎರಡು ಮಾತು ಆಡಬೇಕೆಂದಿದ್ದೆ. ಅವರು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನಮ್ಮ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡರು, ಕೈ ಮಾತ್ರ ನಿಲ್ಲಿಸಲಿಲ್ಲ.

“ಕಿಟಕಿ ಪಕ್ಕಾನೇ ಬೇಕು ಅಂತ ಹಟ ಮಾಡಿದಳು ಕಣೇ,” ಅಂದರು, ಮೊರಕ್ಕೇ ಹೇಳುವವರ ಹಾಗೆ. “ಅಷ್ಟು ಖುಷಿಯಾಗಿದ್ದಳು, ನಾನು ಬಿಟ್ಟುಬಿಟ್ಟೆ. ಮಲಗಿಸಿದ್ದರೆ ಉಳೀತಿದ್ದಳು.”

“ಗೊತ್ತು ಚಿಕ್ಕಮ್ಮ. ನಿನ್ನ ಹೆದರಿಕೆಯೆಲ್ಲ ಈಗ ನನ್ನ ಹತ್ತಿರವೂ ಇದೆ.” ಭಾಮಿನಿ ಅವರ ಪಕ್ಕ ನೆಲದ ಮೇಲೆ ಕೂತು ಒಂದು ಕಾಯಿ ಎತ್ತಿಕೊಂಡಳು. “ಮಲಗಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಹಲ್ಲಿನ ಡಾಕ್ಟರೇ ಇರಬಹುದು, ಅಷ್ಟು ಓದಿದ್ದೀನಿ ನಾನೂ.”

ಗೋದಾವರಮ್ಮ ನಂಬಿದರೋ ಇಲ್ಲವೋ ಹೇಳಲಾರೆ. ಹೊಸಿಲಿನಲ್ಲಿ ನಿಂತಿದ್ದ ಖಲಂದರ್ ಸಾಹೇಬರನ್ನು ಅವರು ತಲೆಯಿಂದ ಕಾಲಿನವರೆಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಬಿಸಿಲಲ್ಲಿ ಯಾಕೆ ನಿಂತೆ, ಒಳಗೆ ಬಾ ಅಂದರು. ಆ ಮನೆಯವರು ಅಲ್ಲಿಯವರೆಗೆ ಅವರನ್ನು ಏಕವಚನದಲ್ಲಿ ಕರೆದಿರಲಿಲ್ಲ. ಸಾಹೇಬರು ಚಪ್ಪಲಿ ಬಿಟ್ಟು, ಆ ಮನೆಗೆ ಹಿಂದೆಂದೂ ಬರದವರು, ತಲೆಬಾಗಿಲು ಗಿಡ್ಡ ಎಂದು ಮೊದಲೇ ಗೊತ್ತಿದ್ದವರಂತೆ ತಲೆ ತಗ್ಗಿಸಿ ಒಳಗೆ ಬಂದರು. ನಾನು ಆಡಬೇಕೆಂದಿದ್ದ ಎರಡು ಮಾತು ಬಿಟ್ಟು, ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡೆ.

ಸಾಹೇಬರ ಹೆಂಡತಿ ಈ ಸುದ್ದಿಯನ್ನು ಶಾಂತವಾಗಿ ತೆಗೆದುಕೊಂಡರು ಎನ್ನಲಾಗುವುದಿಲ್ಲ. ನಾನು ಐದು ಹೆತ್ತಾಗ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದ ಮನುಷ್ಯ, ಈಗ ಒಂದು ಹೆರಿಗೆಗೆ ಮೂರು ದಿನ ಮಲಗಿದ್ದಾರೆ ಎಂದು ನೆಂಟರಿಗೆಲ್ಲ ಹೇಳಿದರು. ಆದರೆ ಆ ಮೂರು ದಿನವೂ ಮೆಂತ್ಯದ ಗಂಜಿ ಮಾಡಿಕೊಟ್ಟವರು ಅವರೇ.

ಖಲಂದರ್ ಸಾಹೇಬರಿಗೆ ಅವರ ತಂದೆಯ ನೆನಪು ಸಿಗಲಿಲ್ಲ. ಚಂಪಾವತಿಯ ನೆನಪು ಅವರ ಹತ್ತಿರ ಇದೆ. ಭಾಮಿನಿ ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕಿ, ರಸ್ತೆ ದಾಟಿ ಹೋಗಿ, ಅದನ್ನು ಕೇಳಿಸಿಕೊಂಡು ಮನೆಗೆ ಹೋಗುತ್ತಾಳೆ.